ಆರು ಹಲ್ಲಿನ ಆಸೆಗೆ ಕಡಲು ದಾಟಿದ್ದು

ಪಾಂಡವಪುರ

ನಮ್ಮ ಕಡೆ ಹೆಣ್ಣು ಯಾವ ತಾಲ್ಲೂಕಿನವಳು ಎಂದು ತಿಳಿಯಲು ಯಾರನ್ನೂ ವಿಚಾರಿಸಬೇಕಾಗಿಲ್ಲ, ಅವಳನ್ನು ಒಮ್ಮೆ ನಗಿಸಿದರೆ ಸಾಕು. ನಾಲೆ ನೀರು ಕುಡಿದು ಬೆಳೆದ ಶ್ರೀರಂಗಪಟ್ಟಣ, ಪಾಂಡವಪುರದ ಹುಡುಗಿಯರ ಹಲ್ಲು ಹಿದುಕಿದ ಅವರೆಬೇಳೆಯ ಹಾಗೆ ಬೆಳ್ಳಗಿರುತ್ತವೆ. ನಾಗಮಂಗಲದ ಒಣನೆಲದಲ್ಲಿ ಆಳಬಾವಿಯ ನೀರು, ಆಮೇಲೆ ಬೋರಿನ ನೀರು ಕುಡಿದು ಬೆಳೆದ ನಮ್ಮಂಥವರ ಹಲ್ಲಿನ ಮೇಲೆ ಕಂದು ಪಟ್ಟೆ, ಸುಣ್ಣದಂಥ ಚುಕ್ಕೆ. ಅದು ನೀರಿನಲ್ಲಿರುವ ಫ್ಲೋರೈಡಿನ ಕೆಲಸ ಎಂದು ಟೀಚರ್ ಟ್ರೈನಿಂಗಿಗೆ ಹೋದ ಮೇಲೆ ಗೊತ್ತಾಯಿತು. ಅಲ್ಲಿಯವರೆಗೆ ಹಲ್ಲಿನ ಬಣ್ಣವೇ ಅದು ಎಂದುಕೊಂಡಿದ್ದೆ, ಏಕೆಂದರೆ ನಮ್ಮ ಮನೆಯಲ್ಲಿ ಎಲ್ಲರದೂ ಹಾಗೆಯೇ ಇತ್ತು.

ನಾಗಮಂಗಲದಿಂದ ಮದುವೆಯಾಗಿ ಪಾಂಡವಪುರಕ್ಕೆ, ಅಂದರೆ ಬಿಳಿ ಹಲ್ಲಿನವರ ನಡುವೆ ಬಂದೆ. ಅಲ್ಲೇ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಮ್ಮನಾದೆ. ಹತ್ತು ವರ್ಷ ಸೆರಗಿನ ಮರೆಯಲ್ಲೇ ನಕ್ಕೆ. ಶಾಲೆಯ ಗ್ರೂಪ್ ಫೋಟೋಗಳಲ್ಲಿ ಎಲ್ಲರೂ ನಗುತ್ತಿದ್ದರೆ ನಾನೊಬ್ಬಳು ಹೆಡ್ಮಾಸ್ತರರ ಮೇಲೆ ಮುನಿಸಿಕೊಂಡವಳಂತೆ ತುಟಿ ಬಿಗಿದು ನಿಂತಿದ್ದೇನೆ. ಮೈಸೂರಿನ ಒಬ್ಬ ದಂತವೈದ್ಯರಿಗೆ ತೋರಿಸಿದ್ದೆ. "ಇದು ಉಜ್ಜಿದರೆ ಹೋಗುವ ಕಲೆಯಲ್ಲಮ್ಮ. ತೇಯ್ದು ಮೇಲೆ ಪಿಂಗಾಣಿಯ ಟೋಪಿ ಹಾಕಬಹುದು. ಆದರೆ ಕಲ್ಲಿನಂಥ ಹಲ್ಲು, ತೇಯಲು ನನಗೆ ಮನಸ್ಸಿಲ್ಲ" ಎಂದು ಕಳಿಸಿಬಿಟ್ಟರು. ಈ ಮನುಷ್ಯನಿಗೆ ಕೆಲಸ ಬಾರದು ಎಂದು ಬಯ್ದುಕೊಂಡೇ ಬಸ್ಸು ಹತ್ತಿದ್ದೆ.

ಅಷ್ಟರಲ್ಲಿ ನನ್ನ ತಮ್ಮ ಪುಟ್ಟರಾಜು ಫೋನು ಮಾಡಿದ. ಅವನು ಐಟಿಐ ಮುಗಿಸಿ ಸಿಂಗಪುರದ ಹಡಗು ರಿಪೇರಿ ಯಾರ್ಡಿನಲ್ಲಿ ವೆಲ್ಡರಾಗಿದ್ದ. ಎಸ್.ಟಿ.ಡಿ. ಬೂತಿನ ಗಾಜಿನ ಪೆಟ್ಟಿಗೆಯೊಳಗೆ ನಿಂತು ಅವನ ಮಾತು ಕೇಳಿದೆ.

"ಅಕ್ಕೋ, ಇಲ್ಲಿ ಸಿಂಗಪುರದೋರೆಲ್ಲ ಶನ್ವಾರ ಬಂದ್ರೆ ಸೇತ್ವೆ ದಾಟಿ ಮಲೇಷ್ಯಾಕ್ ಓಯ್ತಾರೆ ಕಣಕ್ಕ, ಅಲ್ಲು ಮಾಡುಸ್ಕಬರಕ್ಕೆ. ಎಲ್ಡು ಮೂರು ದಿನದ ಕೆಲ್ಸ. ಆಲ್ನಂಗೆ ಆಗೋಯ್ತವೆ. ಬ್ಯಾಸ್ಗೆ ರಜುಕ್ಕೆ ಬಂದ್ಬುಡು, ಮಿಕ್ಕಿದ್ದು ನಾ ನೋಡ್ಕತೀನಿ."

ಅವನ ಹಲ್ಲೂ ನನ್ನಂತೆಯೇ. ಆದರೆ ಅವನು ಗಂಡಸು, ಮೀಸೆ ಬಿಟ್ಟು ನಿಶ್ಚಿಂತೆಯಾಗಿದ್ದಾನೆ. ನನಗಂತೂ ಆ ವಾರವಿಡೀ ನಿದ್ದೆ ಬರಲಿಲ್ಲ. ಪಾಸ್‌ಪೋರ್ಟಿನ ಫೋಟೋಗೂ ತುಟಿ ಬಿಗಿದೇ ಕೂತೆ. ಯಜಮಾನರು ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯವರು, ಅಷ್ಟು ದಿನದ ರಜೆ ಸಿಗಲಿಲ್ಲ. "ಹೋಗಿ ಬಾ, ಬಂದ ಮೇಲೆ ಗುರುತು ಸಿಕ್ಕರೆ ಮನೆಗೆ ಸೇರಿಸ್ಕೊತೀನಿ" ಎಂದು ತಮಾಷೆ ಮಾಡಿದರು. ಊರಿಗೆ ಹೋಗಿ ಅವ್ವನಿಗೆ ಹೇಳಿದರೆ ಅವಳು ರಾಗಿ ಕೇರುವುದನ್ನು ನಿಲ್ಲಿಸದೆಯೇ ಹೇಳಿದಳು. "ಅಲ್ಲು ಇರದು ಕಡಿಯಕ್ಕೆ ಕಣವ್ವ, ತೋರ್ಸಕ್ಕಲ್ಲ."

ಸಿಂಗಪುರ

ಮದರಾಸಿನಲ್ಲಿ ವಿಮಾನ ಹತ್ತುವವರೆಗೂ ಯಜಮಾನರು ಜೊತೆಗಿದ್ದರು. ಆಮೇಲೆ ನಾನೊಬ್ಬಳೇ. ಕಿಟಕಿಯ ಪಕ್ಕದ ಸೀಟು ಸಿಕ್ಕ ಸಂತೋಷಕ್ಕೆ ವಿಮಾನದವರು ತಂದಿಟ್ಟ ಊಟ ಆರಿಹೋಯಿತು. ಇಳಿಯುವ ಮುಂಚೆ ತುಂಬಲು ಒಂದು ಚೀಟಿ ಕೊಟ್ಟರು. ಮಾದಕ ವಸ್ತು ತಂದವರಿಗೆ ಮರಣದಂಡನೆ ಎಂದು ಅದರ ಮೇಲೆ ಕೆಂಪಕ್ಷರದಲ್ಲಿ ಅಚ್ಚಾಗಿತ್ತು. ನನಗೇನು ಸಂಬಂಧ ಎಂದು ಓದಿ ಮಡಚಿಟ್ಟೆ.

ಸಂಬಂಧ ಬಂತು. ನನ್ನ ಚೀಲದಲ್ಲಿ ಅವ್ವ ಕಟ್ಟಿಕೊಟ್ಟ ಹಲ್ಲುಪುಡಿಯಿತ್ತು. ಭತ್ತದ ಹೊಟ್ಟು ಸುಟ್ಟು, ಉಪ್ಪು ಲವಂಗ ಸೇರಿಸಿ ಕುಟ್ಟಿದ ಕರೀ ಪುಡಿ, ಪ್ಲಾಸ್ಟಿಕ್ ಕವರಿನಲ್ಲಿ ದಾರ ಸುತ್ತಿ ಗಂಟು ಹಾಕಿದ್ದು. ಕಸ್ಟಮ್ಸಿನ ಹುಡುಗಿ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದಳು. ಇನ್ನಿಬ್ಬರು ಬಂದರು. ಒಬ್ಬ ಮೂಸಿದ. ಕೆಂಪಕ್ಷರ ನೆನಪಾಗಿ ಕಲಿತ ಇಂಗ್ಲಿಷೆಲ್ಲ ಮರೆತೇಹೋಯಿತು.

ಬೇರೆ ದಾರಿ ತೋಚದೆ ಗಂಟು ಬಿಚ್ಚಿ, ಒಂದು ಚಿಟಿಕೆ ಅಂಗೈಗೆ ಸುರಿದುಕೊಂಡು, ಅಲ್ಲೇ ಎಲ್ಲರ ಎದುರು ತೋರುಬೆರಳಿನಿಂದ ಹಲ್ಲುಜ್ಜಿ ತೋರಿಸಿದೆ. ಮೂವರೂ ನನ್ನ ಬಾಯನ್ನೇ ನೋಡಿದರು. ಆ ಹುಡುಗಿಯ ಮುಖದಲ್ಲಿ ಅನುಮಾನ ಇಳಿದು ಕನಿಕರ ಬಂದದ್ದು ಸ್ಪಷ್ಟವಾಗಿ ಕಂಡಿತು. ಗಂಟು ಮತ್ತೆ ತಾನೇ ಕಟ್ಟಿ, ಬಾಯಿ ತೊಳೆಯುವ ಜಾಗ ತೋರಿಸಿ ಕಳಿಸಿದಳು. ತಲೆ ಉಳಿಸಿದ್ದು ಹಲ್ಲಿನ ಬಣ್ಣವೇ ಆದರೂ ಅವಳ ಕನಿಕರ ನನ್ನನ್ನು ಚುಚ್ಚಿತು.

ಪುಟ್ಟರಾಜು ತನಗೆ ಪರಿಚಯದ ಒಬ್ಬ ತಮಿಳು ಅಜ್ಜಿಯ ಮನೆಯಲ್ಲಿ ನನಗೆ ಇಳಿದುಕೊಳ್ಳಲು ಏರ್ಪಾಡು ಮಾಡಿದ್ದ. ಪಾಂಡವಪುರದ ನಮ್ಮ ಪಕ್ಕದ ಮನೆಯವರು ತಮಿಳರು, ಸಕ್ಕರೆ ಕಾರ್ಖಾನೆಯಲ್ಲಿದ್ದವರು, ಹಾಗಾಗಿ ನನಗೆ ಅರ್ಧಂಬರ್ಧ ತಮಿಳು ಬರುತ್ತದೆ. ಆ ಊರಿನ ಸೊಗಸು ಏನು ಹೇಳಲಿ. ರೈಲಿನಲ್ಲಿ ಇನ್ನೂರು ಜನ ಕೂತಿದ್ದರೂ ಪಿಟ್ಟೆನ್ನುವವರಿಲ್ಲ. ಪಕ್ಕದವಳನ್ನು "ಎಲ್ಲಿಗೆ ಹೊರಟಿರಿ" ಎಂದು ವಿಚಾರಿಸಿದೆ. ಅವಳು ಎದ್ದು ಬೇರೆ ಕಡೆ ಹೋಗಿ ಕೂತಳು. ನಮ್ಮ ಕೆ.ಆರ್.ಪೇಟೆ ಬಸ್ಸಿನಲ್ಲಾದರೆ ಅಷ್ಟು ಹೊತ್ತಿಗೆ ಅವಳ ಮಗಳಿಗೆ ಗಂಡು ಹುಡುಕಿ ಮುಗಿದಿರುತ್ತಿತ್ತು. ಚಲಿಸುವ ಮೆಟ್ಟಿಲಿಗೆ ಹೆದರಿ ನಾನು ಸೀರೆ ಎತ್ತಿ ಹಿಡಿದು ಹಳ್ಳ ದಾಟುವವಳಂತೆ ಜಿಗಿದೆ. ಗೋಡೆ ಗೋಡೆಯ ಮೇಲೂ ಜಾಹೀರಾತು, ಪ್ರತಿ ಜಾಹೀರಾತಿನಲ್ಲೂ ಒಂದು ಹೆಣ್ಣು, ಪ್ರತಿ ಹೆಣ್ಣಿಗೂ ಮೂವತ್ತೆರಡು ಬಿಳಿ ಹಲ್ಲು. ಇನ್ನೆರಡು ದಿನ ಕಳೆಯಲಿ ಎಂದು ಅವರಿಗೆಲ್ಲ ಮನಸ್ಸಿನಲ್ಲೇ ಹೇಳಿದೆ.

ಸೇತುವೆ

ಸಿಂಗಪುರಕ್ಕೂ ಮಲೇಷ್ಯಾದ ಜೋಹೋರಿಗೂ ನಡುವೆ ಒಂದು ಕಿರುಗಡಲು, ಅದರ ಮೇಲೆ ರಸ್ತೆ. ಒಂದು ದಂಡೆಯಲ್ಲಿ ಬಸ್ಸಿನಿಂದ ಇಳಿದು ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಳ್ಳಬೇಕು, ಇನ್ನೊಂದು ಬಸ್ಸು ಹತ್ತಬೇಕು, ಆಚೆ ದಂಡೆಯಲ್ಲಿ ಮತ್ತೆ ಅದೇ ಕೆಲಸ. ರಸ್ತೆಯ ಪಕ್ಕದಲ್ಲೇ ಆಳೆತ್ತರದ ಕೊಳವೆಗಳು ಮಲಗಿದ್ದವು. ಏನೆಂದು ಕೇಳಿದೆ.

"ಕುಡಿಯೋ ನೀರು ಕಣಕ್ಕ. ಮಲೇಷ್ಯಾದಿಂದ ಸಿಂಗಪುರುಕ್ಕೆ" ಎಂದ ಪುಟ್ಟರಾಜು.

ನೀರಾವರಿಯವರ ಹೆಂಡತಿಗೆ ಇದಕ್ಕಿಂತ ದೊಡ್ಡ ಪ್ರೇಕ್ಷಣೀಯ ಸ್ಥಳ ಇನ್ನೊಂದಿಲ್ಲ. ಒಂದು ದೇಶವೇ ಪಕ್ಕದ ದೇಶದ ನೀರು ಕುಡಿದು ಹಲ್ಲು ಬೆಳ್ಳಗಿಟ್ಟುಕೊಂಡಿದೆ. ಕೆ.ಆರ್.ಎಸ್. ನೀರು ನಾಗಮಂಗಲಕ್ಕೆ ಬರಲು ನಡುವೆ ಕಡಲೂ ಇರಲಿಲ್ಲ. ಮುದ್ರೆ ಹಾಕುವ ಅಧಿಕಾರಿಯನ್ನು ಆ ಕೊಳವೆಗಳ ಬಗ್ಗೆ ಒಂದೊಂದಾಗಿ ಕೇಳತೊಡಗಿದೆ. ಅವನು ನನ್ನನ್ನು ಅನುಮಾನದಿಂದ ನೋಡಿ, ಬೇರೆ ಸಾಲಿಗೆ ಕಳಿಸಿ, ಚೀಲ ಬಿಚ್ಚಿಸಿ, ಕೋಡುಬಳೆ ಎಣಿಸುವಷ್ಟು ಹೊತ್ತು ಪರೀಕ್ಷಿಸಿದ. "ನಿನ್ ಬಾಯ್ ಸುಮ್ಕಿರಕಿಲ್ವಾ?" ಎಂದು ಪುಟ್ಟರಾಜು ಬಯ್ದ. ಜೋಹೋರಿನ ದಂತವೈದ್ಯರು ಬರಹೇಳಿದ್ದ ಹೊತ್ತಿಗಿಂತ ಎರಡು ಗಂಟೆ ತಡವಾಗಿ ಅಲ್ಲಿ ತಲುಪಿದೆವು.

ಜೋಹೋರ್, ಮೊದಲ ದಿನ

ದಂತವೈದ್ಯರು ಚೀನೀ ವಂಶದವರು, ಲವಲವಿಕೆಯ ಮನುಷ್ಯ, ಮಾತಿಗಿಂತ ಮುಂಚೆ ಕೈ ಓಡುತ್ತಿತ್ತು. ಅವರ ನರ್ಸು ಲೆಚ್ಚುಮಿ. ಈಕೆಯ ಅಜ್ಜಿ ತಾತ ರಬ್ಬರ್ ತೋಟದ ಕೂಲಿಗೆ ತಮಿಳುನಾಡಿನಿಂದ ಬಂದವರಂತೆ. ಐವತ್ತು ದಾಟಿದ ಆಕೆ ನನ್ನ ಸೀರೆ ನೋಡಿದ್ದೇ "ಬಾ ಮಾ" ಎಂದು ಕೈ ಹಿಡಿದು ಕೂರಿಸಿದರು.

ವೈದ್ಯರು ಬಾಯಿ ನೋಡಿ ಆರು ಹಲ್ಲು ಎಂದರು. ನಕ್ಕರೆ ಕಾಣುವುದು ಮೇಲಿನ ಆರು, ಅವನ್ನು ಸುತ್ತಲೂ ತೇಯ್ದು ಮೇಲೆ ಪಿಂಗಾಣಿಯ ಟೋಪಿ ಕೂರಿಸುವುದು. ಬಣ್ಣ ಆರಿಸಲು ಕಡ್ಡಿಗೆ ಸಿಕ್ಕಿಸಿದ ಹಲ್ಲುಗಳ ಸಾಲೊಂದನ್ನು ಕೊಟ್ಟರು, ಥೇಟು ಬಳೆಗಾರನ ಮಾದರಿಯ ಹಾಗೆ. ನಾನು ಒಂದನೇ ನಂಬರಿನ ಬಿಳುಪಿಗೆ ಬೆರಳಿಟ್ಟೆ. ಮದುವೆ ಸೀರೆ ಆರಿಸಿದಾಗಲೂ ಅಷ್ಟು ಸಂಭ್ರಮವಾಗಿರಲಿಲ್ಲ.

"ತಡವಾಗಿ ಬಂದಿದ್ದೀರಿ. ಇವತ್ತು ನಡುವಿನ ಎರಡು, ನಾಳೆ ಉಳಿದ ನಾಲ್ಕು" ಎಂದರು ವೈದ್ಯರು.

ಸೂಜಿ ಚುಚ್ಚಿದ ಮೇಲೆ ತುಟಿ ಬೇರೆಯವರದಾಯಿತು. ಯಂತ್ರದ ಸದ್ದು, ಸುಟ್ಟ ಕೊಂಬಿನ ವಾಸನೆ, ಬಾಯಿ ತುಂಬ ಗುಲಾಬಿ ಬಣ್ಣದ ಹಿಟ್ಟು ಒತ್ತಿ ಅಚ್ಚು ತೆಗೆದದ್ದು, ಎಲ್ಲವನ್ನೂ ಕಣ್ಣು ಮುಚ್ಚಿ ಸಹಿಸಿದೆ. ಎದ್ದಾಗ ಎರಡು ತಾತ್ಕಾಲಿಕ ಟೋಪಿಗಳು ಬಿಳಿ ಕವಡೆಯ ಹಾಗೆ ಕೂತಿದ್ದವು. ಕನ್ನಡಿ ಬಿಡಲು ಮನಸ್ಸಾಗಲಿಲ್ಲ.

"ನಾಳೆಯವರೆಗೂ ಗಟ್ಟಿ ತಿನ್ನುವಂತಿಲ್ಲ" ಎಂದು ವೈದ್ಯರು ಬೆರಳೆತ್ತಿ ಹೇಳಿದರು. ನಾನು ಶಿಸ್ತಿನ ಹೆಂಗಸು. ಹೊರಗೆ ಬಂದವಳೇ ಚೀಲದಲ್ಲಿದ್ದ ಕೋಡುಬಳೆ, ನಿಪ್ಪಟ್ಟು ಎಲ್ಲವನ್ನೂ ಪುಟ್ಟರಾಜುವಿನ ಕೈಗೆ ಕೊಟ್ಟುಬಿಟ್ಟೆ.

ಜೋಹೋರಿನ ಪೇಟೆ

ತುಟಿಗೆ ಜೀವ ಬರುವವರೆಗೆ ಪೇಟೆ ಸುತ್ತಿದೆವು. ಕಂಡವರಿಗೆಲ್ಲ ನಕ್ಕೆ. ತಲೆಗೆ ಬಟ್ಟೆ ಕಟ್ಟಿದ ಮಲಯ್ ಹೆಂಗಸರು, ಮೀನು ಮಾರುವವರು, ಪೊಲೀಸಿನವನು, ಎಲ್ಲರೂ ತಿರುಗಿ ನಕ್ಕರು. ಲೋಕ ಇಷ್ಟು ಸಲೀಸು ಎಂದು ನನಗೆ ಮೂವತ್ತು ವರ್ಷ ಯಾರೂ ಹೇಳಿರಲಿಲ್ಲ.

ಮೂಲೆಯಲ್ಲೊಬ್ಬ ಕಬ್ಬಿನ ಹಾಲು ಹಿಂಡುತ್ತಿದ್ದ. ಗಾಡಿಗೆ ಒರಗಿಸಿದ ಹಳದಿ ಜಲ್ಲೆಗಳು, ಗೇಣುದ್ದಕ್ಕೊಂದು ಗಿಣ್ಣು. ಕೆ.ಆರ್.ಪೇಟೆಯ ಅಜ್ಜಿಯ ಮನೆಯಲ್ಲಿ ಕಾರ್ಖಾನೆಗೆ ಹೋಗುವ ಗಾಡಿಯ ಹಿಂದೆ ಓಡಿ ಜಲ್ಲೆ ಎಳೆಯುತ್ತಿದ್ದ ನಾವಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪುಟ್ಟರಾಜು ಒಂದು ತುಂಡು ಮುರಿಸಿಕೊಂಡ. ಅಂಗಡಿಯವನು ಸಿಪ್ಪೆ ತೆಗೆಯಲು ಕತ್ತಿ ಎತ್ತಿದ. ಬೇಡವೆಂದು ತಡೆದೆವು. ಮಂಡ್ಯದ ಕಡೆಯವರಿಗೆ ಯಾರಾದರೂ ಕಬ್ಬು ಸುಲಿದು ಕೊಡುತ್ತಾರೆಯೇ?

ಗಟ್ಟಿ ತಿನ್ನಬೇಡಿ ಎಂದು ವೈದ್ಯರು ಹೇಳಿದ್ದು ನೆನಪಿತ್ತು. ದೇವರಾಣೆಗೂ ನೆನಪಿತ್ತು. ಆದರೆ ನಮ್ಮ ಕಡೆ ಕಬ್ಬನ್ನು ತಿನ್ನುವ ಪದಾರ್ಥವೆಂದು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಒಪ್ಪೊತ್ತಿನಲ್ಲಿದ್ದವರೂ ದಾರಿಯಲ್ಲಿ ಒಂದು ತುಂಡು ಜಗಿಯುತ್ತಾರೆ. ಅದು ನೀರು ಕುಡಿದ ಲೆಕ್ಕ. ಮುಂದಿನ ಹಲ್ಲಿನಿಂದ ಸಿಪ್ಪೆ ಹಿಡಿದು ಚರ್ರನೆ ಎಳೆದೆ.

ಸಿಪ್ಪೆಯ ಜೊತೆ ಒಂದು ಟೋಪಿಯೂ ಹೋಯಿತು. ಬಾಯೊಳಗೆ ಎಳೆದುಕೊಂಡ ಗಾಳಿ ನೆತ್ತಿಯವರೆಗೆ ಝುಮ್ಮೆಂದು ಏರಿತು. ಪುಟ್ಟರಾಜು ನಾನು ಉಗಿದ ಸಿಪ್ಪೆಯನ್ನು ರಸ್ತೆಯಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಕೆದಕುತ್ತಿದ್ದ. ನಾನು ಪಕ್ಕದ ಕಪ್ಪು ಕನ್ನಡಕದ ಅಂಗಡಿಯ ಕನ್ನಡಿಗೆ ಮುಖ ಒಡ್ಡಿದೆ.

ನನ್ನ ಹಲ್ಲು ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಒಂದು ಚಿಕ್ಕ ಹಳದಿ ಗೂಟವಿತ್ತು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಹತ್ತು ವರ್ಷದಿಂದ ಎಷ್ಟೋ ಬಯ್ದಿದ್ದೆ ಆ ಹಲ್ಲನ್ನು, ಆದರೆ ಅದು ಹೋಗಲಿ ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಬಣ್ಣ ಹೋಗಲಿ ಎಂದಷ್ಟೇ ಬೇಡಿದ್ದೆ. ಅಲ್ಲೇ ನಿಂತು ಅತ್ತುಬಿಟ್ಟೆ. ಅಂಗಡಿಯವನು ಕನ್ನಡಿಯನ್ನು ನಯವಾಗಿ ಆಚೆ ತಿರುಗಿಸಿದ.

ಜೋಹೋರ್, ಎರಡನೆಯ ದಿನ

ಬೆಳಿಗ್ಗೆ ಬೇಗ ಹೋಗಿ ಬೆಂಚಿನ ಮೇಲೆ ಕೂತೆ. ಲೆಚ್ಚುಮಿಯಕ್ಕ ಬಾಯಿ ನೋಡಿ ಮೆಲ್ಲಗೆ ಕೇಳಿದರು. "ಬಿದ್ದುಹೋಯ್ತಾ ಮಾ? ಬೀಳುತ್ತೆ. ಈ ಬೆಂಚಿನ ಮೇಲೆ ಕೂತವರನ್ನ ನೋಡು. ಹೊಸಬರು ಇಬ್ಬರೇ. ಮಿಕ್ಕವರೆಲ್ಲ ಮಾಡಿಸಿಕೊಂಡು ಹೋದವರು. ಒಬ್ಬರದು ಸಡಿಲವಾಗಿದೆ, ಒಬ್ಬರಿಗೆ ಒಸಡು ಊದಿದೆ, ಆ ಕೊನೆಯವರಿಗೆ ಒಳಗೆ ಕೀವಾಗಿದೆ. ಅವರಿಗೇನು, ಬಸ್ಸು ಹತ್ತಿದರೆ ಇಲ್ಲಿ. ನಿನ್ನ ಊರು ಎಲ್ಲಿ?"

ಹೇಳಿದೆ. ಆಕೆ ಒಳಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ತೇಯ್ದದ್ದು ಮತ್ತೆ ಬೆಳೆಯಲ್ಲ ಮಾ. ನಿನ್ನವು ನಾಲ್ಕು ಇನ್ನೂ ಇವೆ. ನಾನು ಹೇಳಿದೆ ಅಂತ ಹೇಳಬೇಡ."

ವೈದ್ಯರಿಗೆ ಕೋಪ ಬಂದದ್ದು ಕಬ್ಬಿನ ಮೇಲೆ. ಗಟ್ಟಿ ತಿನ್ನಬೇಡಿ ಎಂದಿದ್ದೆನಲ್ಲ ಎಂದರು. ಕಬ್ಬು ತಿನ್ನುವುದಲ್ಲ, ಕುಡಿಯುವುದು ಎಂದು ನನ್ನ ಇಂಗ್ಲಿಷಿನಲ್ಲಿ ವಾದಿಸಿದೆ. ಆಮೇಲೆ ಕೇಳಿದೆ. "ನಮ್ಮೂರಿಗೆ ಹೋದ ಮೇಲೆ ಇದು ಬಿದ್ದರೆ?"

"ಬನ್ನಿ, ಕೂರಿಸಿಕೊಡುತ್ತೇನೆ" ಎಂದರು. ಕಪಟವಿಲ್ಲದೆ, ಹಿಂದಿನ ಬೀದಿಯವಳಿಗೆ ಹೇಳಿದಂತೆಯೇ ಹೇಳಿದರು. ನನ್ನ ಕಣ್ಣೆದುರು ಪಾಂಡವಪುರದಿಂದ ಮೈಸೂರು, ಮೈಸೂರಿನಿಂದ ಮದರಾಸು, ವಿಮಾನ, ಕೊಳವೆಗಳ ಸೇತುವೆ, ಎಲ್ಲ ಸಾಲಾಗಿ ಬಂತು. ಅಷ್ಟು ದೂರವೂ ಬಾಯಿ ಮುಚ್ಚಿಕೊಂಡು, ಆರು ಗೂಟಗಳ ಮೇಲೆ ಕೈಯಿಟ್ಟುಕೊಂಡು ಬರುವ ಹೆಂಗಸೊಬ್ಬಳು ಕಂಡಳು. ಮೈಸೂರಿನ ವೈದ್ಯರ ಮೇಲೆ ಮೊದಲ ಸಲ ಗೌರವ ಹುಟ್ಟಿತು.

"ಉಳಿದ ನಾಲ್ಕು ಬೇಡ. ಇಷ್ಟೇ ಸಾಕು" ಎಂದೆ.

ಪುಟ್ಟರಾಜು ಎದ್ದು ನಿಂತ. "ಏನಕ್ಕ ಇಂಗಂತೀಯಾ? ಎಲ್ಡು ಬೆಳ್ಳುಗೆ, ಸುತ್ತ ನಾಕು ಕಂದ್ಗೆ ಇಟ್ಕಂಡು ಊರ್ಗ್ ಓಯ್ತೀಯಾ? ಇಸ್ಕೂಲ್ ಐಕ್ಳು ಮೊಲ ಅಂತವೆ ಕಣಕ್ಕ."

ಅವನು ಹೇಳಿದ್ದು ನಿಜ. ನಿನ್ನೆಯ ಅಚ್ಚಿನಿಂದ ತಯಾರಾಗಿ ಬಂದಿದ್ದ ಎರಡು ಕಾಯಂ ಟೋಪಿಗಳು ಟ್ರೇಯಲ್ಲಿ ಒಂದನೇ ನಂಬರಿನ ಬಿಳುಪಿನಲ್ಲಿ ಹೊಳೆಯುತ್ತಿದ್ದವು. ಅವನ್ನೇ ನೋಡುತ್ತಿದ್ದವಳಿಗೆ ಒಂದು ಯೋಚನೆ ಬಂತು. ಎಲ್ಲಿಂದ ಬಂತೋ ಗೊತ್ತಿಲ್ಲ.

"ಡಾಕ್ಟರೇ, ಈ ಎರಡಕ್ಕೆ ನನ್ನ ಹಲ್ಲಿನ ಬಣ್ಣ ಹಾಕಿಕೊಡಿ."

ಅರ್ಥವಾಗದೆ ಅವರು ಮತ್ತೆ ಕೇಳಿದರು. ನಾನು ಮತ್ತೆ ಹೇಳಿದೆ. ಲೆಚ್ಚುಮಿಯಕ್ಕ ಮುಖ ಆಚೆ ತಿರುಗಿಸಿಕೊಂಡು ನಕ್ಕರು. ವೈದ್ಯರು ಹಿಂದಿನ ಕೋಣೆಯ ಕಡೆ ಕೂಗಿದರು. ಟೋಪಿ ಮಾಡುವ ಮುದುಕರು ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡೇ ಹೊರಗೆ ಬಂದರು. ವಿಷಯ ಕೇಳಿ ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿದರು. ನಗಬೇಕೆಂದು ಕೈಸನ್ನೆ ಮಾಡಿದರು. ನಕ್ಕೆ. ಇನ್ನೂ ಅಗಲ ಎಂದರು. ಇನ್ನೂ ಅಗಲ ನಕ್ಕೆ.

ಹೊಸಹೊಳಲಿನ ಗುಡಿಯಲ್ಲಿ ಕೆತ್ತನೆ ನೋಡುವವರು ಬಗ್ಗಿ ಬಗ್ಗಿ ನೋಡುತ್ತಾರಲ್ಲ, ಹಾಗೆ ಅವರು ನನ್ನ ಹಲ್ಲು ನೋಡಿದರು. ಕಾಗದದ ಮೇಲೆ ಪಟ್ಟೆಗಳನ್ನು ಬರೆದುಕೊಂಡರು, ಸುಣ್ಣದ ಚುಕ್ಕೆಗಳನ್ನೂ ಗುರುತು ಹಾಕಿಕೊಂಡರು. ಏನೋ ಹೇಳಿದರು, ವೈದ್ಯರು ನನಗೆ ತಿಳಿಸಿದರು. ಇಷ್ಟು ವರ್ಷ ಎಲ್ಲರೂ ಬಿಳಿ ಮಾಡಿಕೊಡು ಎಂದವರೇ, ಬಿಳಿ ಮಾಡುವುದಕ್ಕೆ ಕಣ್ಣೇ ಬೇಡ, ಇದು ಕಷ್ಟದ ಕೆಲಸ, ಅವಸರ ಮಾಡಬೇಡಿ ಎಂದು ಅವರು ಹೇಳಿದರಂತೆ.

ಕೂದಲೆಳೆಯಂಥ ಕುಂಚದಿಂದ ಬಣ್ಣವಿಟ್ಟು ಪುಟ್ಟ ಕುಲುಮೆಯಲ್ಲಿ ಬೇಯಿಸಿದರು. ಮೊದಲನೆಯದು ಎಲೆ ಅಡಿಕೆ ಹಾಕಿದವರ ಹಲ್ಲಿನಂತೆ ಕೆಂಪಗೆ ಬಂತು. ಗೊಣಗಿಕೊಂಡು ಅದನ್ನು ಉಜ್ಜಿ ತೆಗೆದು ಮತ್ತೆ ಕೂತರು. ಮತ್ತೆ ನನ್ನನ್ನು ನಗಿಸಿದರು. ಅರ್ಧ ದಿನ ಆ ಕಿಟಕಿಯ ಪಕ್ಕದಲ್ಲಿ ಹಲ್ಲು ಬಿಟ್ಟುಕೊಂಡು ಕೂತಿದ್ದೆ. ಬೀದಿಯಲ್ಲಿ ಹೋಗುವವರೆಲ್ಲ ನೋಡಿಕೊಂಡು ಹೋದರು, ನನಗೆ ನಾಚಿಕೆಯಾಗಲಿಲ್ಲ. ನನ್ನ ಹಲ್ಲನ್ನು ಅಷ್ಟು ಹೊತ್ತು ಅಷ್ಟು ಪ್ರೀತಿಯಿಂದ ನೋಡಿದ ಮನುಷ್ಯ ಹುಟ್ಟಿದಾಗಿನಿಂದ ಇನ್ನೊಬ್ಬರಿರಲಿಲ್ಲ. ಕುಣಿಯಬೇಕು ಎನ್ನುವಷ್ಟು ಖುಷಿಯಾಗಿತ್ತು.

ಸಂಜೆ ಎರಡನ್ನೂ ಅಂಟಿಸಿ ವೈದ್ಯರು ಕನ್ನಡಿ ಕೊಟ್ಟರು. ಯಾವುದು ನಮ್ಮೂರ ನೀರಿನದು, ಯಾವುದು ಮುದುಕರದು ಎಂದು ನನಗೇ ತಿಳಿಯಲಿಲ್ಲ. ಮುದುಕರು ಕೈ ಒರೆಸಿಕೊಂಡು ಬಂದು ನೋಡಿದರು, ತಲೆಯಾಡಿಸಿದರು, ಊಟಕ್ಕೆ ಹೋದರು.

ನಾಗಮಂಗಲ

ನಾನು ಬಂದೆನೆಂದು ತಿಳಿದು ಊರಿನ ಹೆಂಗಸರೆಲ್ಲ ಹಜಾರ ತುಂಬಿದರು. ಫಾರಿನ್ ಹಲ್ಲು ತೋರಿಸು ಎಂದರು. ತೋರಿಸಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಿಸಿಲಿಗೆ ಹೋದರೆ ಹೊಳೆಯುತ್ತೇನೋ ಎಂದುಕೊಂಡು ಎದ್ದು ಹೋದರು. ಮೋಸ ಹೋಗಿದ್ದಾಳೆ ಪಾಪ ಎಂದು ಒಬ್ಬಾಕೆ ಬಾಗಿಲಾಚೆ ಹೇಳಿದ್ದೂ ಕೇಳಿಸಿತು.

ಎಲ್ಲರೂ ಹೋದ ಮೇಲೆ ಅವ್ವ ನನ್ನನ್ನು ಬಾಗಿಲ ಬೆಳಕಿಗೆ ಕೂರಿಸಿಕೊಂಡು ಹೆಬ್ಬೆರಳಿನಿಂದ ಒಂದೊಂದೇ ಹಲ್ಲು ಸವರಿದಳು. "ಯಾವುವ್ವ ಅವು?"

ತೋರಿಸಿದೆ. ಉಗುರಿನಿಂದ ಟಕ್ಕೆಂದು ಬಡಿದು ನೋಡಿದಳು.

"ಒಳ್ಗೇನೈತೆ?"

"ನನ್ದೇ ಕಣವ್ವ, ಒಂಚೂರು. ತಣ್ಣಿರ್ ಕುಡುದ್ರೆ ಜುಮ್ ಅಂತದೆ. ಮುಂದುಕ್ಕೂ ಇಂಗೇ ಇರ್ತದೋ ಏನೋ, ಗೊತ್ತಿಲ್ಲ."

ಅವಳ ಮುಖ ಸಣ್ಣಗಾಯಿತು. ಸೆರಗಿನಿಂದ ನನ್ನ ಬಾಯಿ ಒರೆಸಿದಳು, ಒರೆಸಲು ಏನೂ ಇರಲಿಲ್ಲ. "ಗಟ್ಟಿಯಾಗಿದ್ವಲ್ಲ ಮಗಾ ಎಲ್ಡೂ" ಎಂದಳು. ಆ ಎರಡು ಹೋದದ್ದಕ್ಕೆ ಮುದುಕರ ಕುಂಚದಲ್ಲೂ ಪರಿಹಾರವಿರಲಿಲ್ಲ, ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಾಯಿತು.

"ಮಿಕ್ಕಿದ್ ನಾಕು?"

"ಅಂಗೇ ಅವೆ. ಮುಟ್ಟುಸ್ಲಿಲ್ಲ."

"ಪುಟ್ರಾಜ ಬ್ಯಾಡ ಅಂದ್ನಾ?"

"ಅವ್ನು ಮಾಡ್ಸು ಅಂದ. ನಾನೇ ಸಾಕು ಅಂದೆ."

ಅವ್ವ ನನ್ನ ಗಲ್ಲ ಹಿಡಿದು ಬಾಯನ್ನೇ ನೋಡಿದಳು.

"ಇಷ್ಟ್ ವರ್ಸುಕ್ಕೆ ಆ ಬಾಯಿಂದ ಒಂದ್ ಒಳ್ಳೆ ಮಾತ್ ಬಂತು ಬುಡು" ಎಂದು ಹೇಳಿ ಒಲೆಯ ಕಡೆ ಎದ್ದು ಹೋದಳು.